ಟೈರಿನ ಗಾಳಿಯೂ ಹಳದಿ ದೀಪವೂ

ಗೊಬ್ಬರ ಎತ್ತುವಳಿಯ ದಿನ ಸಂಘದ ಗೋದಾಮಿನ ಮುಂದೆ ನಿಂತ ಸದಸ್ಯರ ವಾಹನಗಳನ್ನು ಈ ಸಲ ಸ್ವಲ್ಪ ಗಮನವಿಟ್ಟು ನೋಡಿದೆವು. ಪಿಕಪ್ಪು, ಜೀಪುಗಳನ್ನು ಬಿಟ್ಟರೆ ಉಳಿದ ಕಾರುಗಳಲ್ಲಿ ಬಹುಪಾಲು ಎಂಟು ಹತ್ತು ವರ್ಷ ಹಳೆಯವು. ಬೆಂಗಳೂರಿನಲ್ಲಿ ಯಾರೋ ಓಡಿಸಿ ಮಾರಿದ್ದನ್ನು, ಕಾಫಿಗೆ ಒಳ್ಳೆಯ ಬೆಲೆ ಬಂದ ಈ ಎರಡು ಮೂರು ವರ್ಷಗಳಲ್ಲಿ ನಮ್ಮವರು ಕೊಂಡು ತಂದವು. ತಪ್ಪೇನೂ ಇಲ್ಲ, ನಮ್ಮದೂ ಅಂಥದ್ದೇ ಒಂದು. ಆದರೆ ಅವುಗಳಲ್ಲಿ ನಾಲ್ಕೈದು ಕಾರುಗಳ ಡ್ಯಾಶ್ ಬೋರ್ಡಿನಲ್ಲಿ ಕುದುರೆ ಲಾಳದಂತಹ ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ದೀಪ ಉರಿಯುತ್ತಿತ್ತು. ಕೇಳಿದ್ದಕ್ಕೆ ಒಬ್ಬರು, "ಅದು ಕೊಂಡಾಗಿನಿಂದ ಉರೀತಾನೇ ಇದೆ ಸೆಕ್ರೆಟರಿಗಳೇ, ಸೆನ್ಸರು ಹೋಗಿದೆಯಂತೆ" ಎಂದರು. ಇನ್ನೊಬ್ಬರ ಕಾರಿನಲ್ಲಿ ದೀಪವೇ ಕಾಣಲಿಲ್ಲ. ಅದರ ಮೇಲೆ ಕರಿಯ ಇನ್ಸುಲೇಷನ್ ಟೇಪಿನ ತುಂಡೊಂದನ್ನು ನೀಟಾಗಿ ಅಂಟಿಸಿದ್ದರು.

ನಗಬಹುದಾಗಿತ್ತು. ನಗಲಿಲ್ಲ, ಏಕೆಂದರೆ ಅಂಥದೇ ಟೇಪು ನಮ್ಮ ಕಾರಿನಲ್ಲೂ ಎಂಟು ತಿಂಗಳು ಇತ್ತು.

ನಡೆದದ್ದನ್ನು ಹೇಳಿಬಿಡುತ್ತೇವೆ. ನಮ್ಮದು 2015ರ ಮಾಡೆಲ್ಲಿನ ಕಾರು. ಮಳೆಗಾಲಕ್ಕೆ ಮುಂಚೆ ಎರಡು ಹೊಸ ಟೈರು ಹಾಕಿಸಲು ಪಟ್ಟಣದ ಒಂದು ಟೈರ್ ಅಂಗಡಿಗೆ ಕೊಟ್ಟೆವು. ಹಳೆಯ ಟೈರನ್ನು ರಿಮ್ಮಿನಿಂದ ಬಿಡಿಸುವ ಮೆಷಿನ್ನಿನ ತೋಳನ್ನು ಹುಡುಗ ಸರಿಯಾಗಿ ವಾಲ್ವಿನ ಪಕ್ಕಕ್ಕೇ ಇಟ್ಟು ಒತ್ತಿದ. ಒಳಗೆ ವಾಲ್ವಿಗೇ ಜೋಡಿಸಿದ್ದ ಸೆನ್ಸರು ಹೋಳಾಯಿತು. ಹುಡುಗನನ್ನು ಪೂರ್ತಿ ದೂರುವಂತಿಲ್ಲ. ಒಳಗೆ ಸೆನ್ಸರಿದೆ ಎಂದು ನಾವು ಹೇಳಿರಲಿಲ್ಲ, ನಮಗೇ ಸರಿಯಾಗಿ ತಿಳಿದಿರಲಿಲ್ಲ. ಅವನೇ ಸಮಾಧಾನ ಹೇಳಿದ: "ಅದೇನೂ ಆಗಲ್ಲ ಸಾರ್, ಲೈಟು ಉರೀತಾ ಇರ್ತದೆ ಅಷ್ಟೆ, ಓಡ್ಸಿ." ಮಾಮೂಲು ರಬ್ಬರ್ ವಾಲ್ವು ಹಾಕಿ ಕಳಿಸಿದ. ಹೊಸದರ ಬೆಲೆ ವಿಚಾರಿಸಿದಾಗ ಒಂದಕ್ಕೆ ಆರು ಸಾವಿರಕ್ಕೆ ಕಡಮೆಯಿಲ್ಲ ಎಂದರು. ಅಷ್ಟು ಹಣಕ್ಕೆ ಎಷ್ಟು ಆಳಿನ ಕೂಲಿಯಾಗುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾದೆವು. ರಾತ್ರಿ ಹೊತ್ತು ದೀಪ ಕಣ್ಣಿಗೆ ಚುಚ್ಚುತ್ತದೆಂದು ಟೇಪು ಅಂಟಿಸಿದೆವು.

ಜನವರಿಯಲ್ಲಿ, ಕೊಯ್ಲಿನ ನಡುವೆ, ಅಕ್ಕನನ್ನೂ ಅವರ ಮೊಮ್ಮಗಳನ್ನೂ ಹುಬ್ಬಳ್ಳಿಯ ರೈಲಿಗೆ ಹತ್ತಿಸಲು ಅರಸೀಕೆರೆಗೆ ಹೊರಟೆವು. ಬೇಲೂರಿನಿಂದ ಹಳೇಬೀಡಿನ 16 ಕಿಲೋಮೀಟರು ಏನೂ ತೊಂದರೆಯಿಲ್ಲದೆ ಕಳೆಯಿತು. ಅಲ್ಲಿಂದ ಜಾವಗಲ್ ಕಡೆಗೆ ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಸುಟ್ಟ ರಬ್ಬರಿನ ವಾಸನೆ, ಮರುಕ್ಷಣ ಕಾರಿನ ಹಿಂಭಾಗ ಎಡಕ್ಕೆ ಎಳೆಯತೊಡಗಿತು. ಎದುರಿಗೆ ಲಾರಿಯೊಂದು ಬರುತ್ತಿತ್ತು. ಹೇಗೋ ಅಂಚಿಗೆ ಇಳಿಸಿ ನಿಲ್ಲಿಸಿದೆವು. ಎಡಗಡೆ ಹಿಂದಿನ ಟೈರಿನ ಪಕ್ಕದ ಗೋಡೆ ಹರಿದು ಚಿಂದಿಯಾಗಿತ್ತು. ಆಮೇಲೆ ಟೈರು ಬಿಚ್ಚಿ ನೋಡಿದಾಗ ಮುಳ್ಳುತಂತಿ ಬೇಲಿಗೆ ಹೊಡೆಯುವ ಯು ಮೊಳೆಯೊಂದು ಸಿಕ್ಕಿತು. ನಮ್ಮ ತೋಟದ ದಾರಿಯದೇ, ನಮ್ಮ ಆಳುಗಳೇ ಬೀಳಿಸಿದ್ದು. ಎಷ್ಟು ದಿನದಿಂದ ಗಾಳಿ ಸೋರುತ್ತಿತ್ತೋ ದೇವರಿಗೇ ಗೊತ್ತು.

ಈಗ ತಮಾಷೆ ನೋಡಿ. ಒಡೆದಿದ್ದ ಸೆನ್ಸರು ಮುಂದಿನ ಬಲಗಡೆ ಚಕ್ರದ್ದು. ಹಿಂದಿನ ಎಡಗಡೆಯ ಸೆನ್ಸರು ಚೆನ್ನಾಗಿಯೇ ಇತ್ತು, ಗಾಳಿ ಇಳಿದಿದೆಯೆಂದು ತನ್ನ ಕೆಲಸ ತಾನು ಮಾಡುತ್ತ ಕೂಗುತ್ತಲೇ ಇದ್ದಿರಬೇಕು. ಆದರೆ ನಮಗೆ ತಿಳಿಸಲು ಇದ್ದದ್ದು ಆ ಒಂದೇ ದೀಪ. ಅದು ಮೊದಲೇ ಉರಿಯುತ್ತಿತ್ತು, ಅದರ ಮೇಲೆ ಟೇಪು ಬೇರೆ. ಸ್ಟೆಪ್ನಿ ತೆಗೆದರೆ ಅದರಲ್ಲಿ ಹತ್ತು ಪೌಂಡು ಗಾಳಿಯೂ ಇರಲಿಲ್ಲ. ಕೊಂಡ ಮೇಲೆ ಒಂದು ಸಲವೂ ನೋಡಿರಲಿಲ್ಲ. ಹಾಲಿನ ವ್ಯಾನಿನವರೊಬ್ಬರು ನಿಲ್ಲಿಸಿ, ಸ್ಟೆಪ್ನಿಯನ್ನು ಹೇರಿಕೊಂಡು ಹೋಗಿ ಗಾಳಿ ಹಾಕಿಸಿ ತಂದುಕೊಟ್ಟರು. ಅಷ್ಟರಲ್ಲಿ ರೈಲು ಹೋಗಿತ್ತು. ಅಕ್ಕ ಅಂದದ್ದು ಒಂದೇ ಮಾತು: "ಇದಕ್ಕಿಂತ ಅಪ್ಪನ ಜೀಪೇ ವಾಸಿ ಕಣೋ."

ಅಪ್ಪನ ಜೀಪಿನಲ್ಲಿ ಸೆನ್ಸರಿರಲಿಲ್ಲ, ಆದರೆ ಅದರ ಸೀಟಿನ ಕೆಳಗೆ ಒಂದು ಕಾಲುಪಂಪೂ ಒಂದು ಹಿತ್ತಾಳೆಯ ಗೇಜೂ ಸದಾ ಇರುತ್ತಿದ್ದವು. ಭಾನುವಾರ ಸಂತೆಗೆ ಹೊರಡುವ ಮುಂಚೆ ನಾಲ್ಕು ಚಕ್ರಕ್ಕೂ ಗೇಜು ಒತ್ತಿ ನೋಡದೆ ಅವರು ಕೀಲಿ ತಿರುಗಿಸಿದವರಲ್ಲ. ನಾವು ಡಿಗ್ರಿ ಓದಿದವರು, ದೀಪ ನಂಬಿದೆವು. ದೀಪ ಕೆಟ್ಟ ಮೇಲೆ ಅದನ್ನೂ ನಂಬಲಿಲ್ಲ, ಗೇಜನ್ನೂ ಕೊಳ್ಳಲಿಲ್ಲ.

ಈ ಸೆನ್ಸರು ಎಂಬುದು ಏನು, ಕೆಟ್ಟರೆ ಏನು ಮಾಡತಕ್ಕದ್ದು ಎಂಬ ಬಗ್ಗೆ ಸದಸ್ಯರು ಆಗಾಗ ಕೇಳುತ್ತಿರುವುದರಿಂದ, ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆಯುವುದು ಅಪ್ರಸ್ತುತವಾಗಲಾರದು.

ಇದು ಕಡ್ಡಾಯವಾಗಿ ಬಂದದ್ದು ಅಮೆರಿಕದಲ್ಲಿ. ಅಲ್ಲಿ ಫೈರ್‌ಸ್ಟೋನ್ ಟೈರುಗಳು ಓಡುತ್ತಿರುವಾಗಲೇ ಪದರ ಬಿಟ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಅನೇಕರು ಸತ್ತ ಮೇಲೆ, 2000ದಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಅದರಂತೆ 2007ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಲ್ಲೂ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಇರಲೇಬೇಕಾಯಿತು. ಯೂರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೆ ಇದು ಅನ್ವಯವಾಯಿತು. ಅಲ್ಲಿಂದ ನಮ್ಮ ದೇಶದ ಕೊಂಚ ಬೆಲೆಬಾಳುವ ಕಾರುಗಳಿಗೂ ಬಂತು. ಆ ಕಾರುಗಳು ಈಗ ಎರಡನೆಯ, ಮೂರನೆಯ ಕೈಗೆ ಬಂದು ನಮ್ಮ ಅಂಗಳದಲ್ಲಿ ನಿಂತಿವೆ.

ಅಮೆರಿಕದ ಆ ನಿಯಮದಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಇರಬೇಕಾದ ಗಾಳಿಗಿಂತ ಶೇಕಡ 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. ಅಂದರೆ 32 ಪೌಂಡು ಇರಬೇಕಾದ ಟೈರು 24ಕ್ಕೆ ಇಳಿಯುವವರೆಗೂ ದೀಪ ಸುಮ್ಮನಿರಬಹುದು. 25 ಪೌಂಡಿನ ಟೈರಿನಲ್ಲಿ ಡಿಕ್ಕಿ ತುಂಬ ಮೂಟೆ ಹೇರಿಕೊಂಡು ಬಿಸಿಲಲ್ಲಿ ಓಡಿದರೆ ಪಕ್ಕದ ಗೋಡೆ ಬಳುಕಿ ಬಳುಕಿ ಕಾದು ಹರಿಯುತ್ತದೆ. ಹಾಗಾಗಿ, ಸೆನ್ಸರು ಚೆನ್ನಾಗಿದ್ದರೂ ಸಹ ದೀಪವೆಂಬುದು ಅಪಾಯದ ಗಂಟೆಯೇ ಹೊರತು ಅಳತೆಯ ಮಾಪಕವಲ್ಲ. ಇನ್ನು ಕಾಲಿನಲ್ಲಿ ಒದ್ದು ನೋಡುವುದು, ಕಣ್ಣಿನಲ್ಲಿ ಅಂದಾಜು ಮಾಡುವುದು ನಮ್ಮವರ ಪದ್ಧತಿ. ರೇಡಿಯಲ್ ಟೈರು 32 ಇದ್ದಾಗಲೂ 22 ಇದ್ದಾಗಲೂ ಕಣ್ಣಿಗೆ ಹೆಚ್ಚು ಕಡಮೆ ಒಂದೇ ರೀತಿ ಕಾಣುತ್ತದೆ.

ಎಲ್ಲ ಕಾರುಗಳಲ್ಲೂ ಚಕ್ರದೊಳಗೆ ಸೆನ್ಸರು ಇರುತ್ತದೆಂದೂ ತಿಳಿಯಬಾರದು. ಕೆಲವು ಕಾರುಗಳು ಬ್ರೇಕಿನ ಎಬಿಎಸ್ ವ್ಯವಸ್ಥೆಯಿಂದಲೇ ಚಕ್ರಗಳ ವೇಗವನ್ನು ಹೋಲಿಸಿ ನೋಡುತ್ತವೆ. ಗಾಳಿ ಇಳಿದ ಟೈರಿನ ಸುತ್ತಳತೆ ಕೊಂಚ ಕಡಮೆಯಾಗುವುದರಿಂದ ಅದು ಉಳಿದವುಗಳಿಗಿಂತ ಹೆಚ್ಚು ಸಲ ತಿರುಗುತ್ತದೆ, ಅದೇ ಸುಳಿವು. ಅಂಥ ಕಾರಿನಲ್ಲಿ ಟೈರು ಬಿಚ್ಚಿದಾಗ ಒಡೆಯುವಂಥದ್ದೇನೂ ಇಲ್ಲ. ಗಾಳಿ ಸರಿ ಮಾಡಿದ ಮೇಲೆ ಬಟನ್ನು ಒತ್ತಿಯೋ ಮೆನುವಿನಲ್ಲಿಯೋ ಹೊಸದಾಗಿ ಹೊಂದಿಸಬೇಕು, ಅಷ್ಟೆ. ಆದರೆ ನಾಲ್ಕೂ ಟೈರುಗಳಲ್ಲಿ ಸಮನಾಗಿ ಗಾಳಿ ಇಳಿದರೆ ಈ ಬಗೆಯ ಹಳೆಯ ವ್ಯವಸ್ಥೆಗಳಿಗೆ ಗೊತ್ತಾಗದು. ನಿಮ್ಮ ಕಾರು ಯಾವ ಬಗೆಯದು ಎಂಬುದನ್ನು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ವಾಲ್ವು ಲೋಹದ್ದಾಗಿದ್ದು ಬುಡದಲ್ಲಿ ನಟ್ಟು ಇದ್ದರೆ ಒಳಗೆ ಸೆನ್ಸರು ಇದೆಯೆಂದೇ ಲೆಕ್ಕ. ರಬ್ಬರ್ ವಾಲ್ವಿಗೆ ಜೋಡಿಸಿದ ಸೆನ್ಸರೂ ಉಂಟು, ಆದುದರಿಂದ ಪುಸ್ತಕ ನೋಡುವುದೇ ಲೇಸು. ಪುಸ್ತಕ ಕಳೆದುಕೊಂಡಿದ್ದೇವೆ ಎನ್ನುವವರು ಗ್ಯಾರೇಜಿನಲ್ಲಿ ಕೇಳಲಿ.

ದೀಪದ ಭಾಷೆಯೂ ಎರಡು ಬಗೆ. ಕೀಲಿ ತಿರುಗಿಸಿದ ಕೂಡಲೆ ಒಂದು ನಿಮಿಷದಷ್ಟು ಹೊತ್ತು ಮಿನುಗಿ ಆಮೇಲೆ ನಿಂತು ಉರಿದರೆ ಸಾಮಾನ್ಯವಾಗಿ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ. ಮಿನುಗದೆ ನೇರವಾಗಿ ಉರಿದರೆ ಗಾಳಿ ಇಳಿದಿದೆ. ನಮ್ಮ ಕಡೆ ಡಿಸೆಂಬರು ಜನವರಿಯ ಬೆಳಗಿನ ಚಳಿಯಲ್ಲಿ ದೀಪ ಹತ್ತಿ, ಮಧ್ಯಾಹ್ನಕ್ಕೆ ತಾನೇ ಆರುವುದೂ ಉಂಟು. ಅದನ್ನು ಕಂಡು "ಸೆನ್ಸರಿಗೆ ಹುಚ್ಚು" ಎನ್ನುವವರಿದ್ದಾರೆ. ಹುಚ್ಚಲ್ಲ. ಹವೆ ಐದಾರು ಡಿಗ್ರಿ ತಣ್ಣಗಾದರೆ ಟೈರಿನ ಗಾಳಿ ಸುಮಾರು ಒಂದು ಪೌಂಡು ಇಳಿಯುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಹದಿನೈದು ಡಿಗ್ರಿ ಅಂತರವಿದ್ದರೆ ಎರಡೂವರೆ ಮೂರು ಪೌಂಡು ವ್ಯತ್ಯಾಸವಾಯಿತು. ಗಡಿಯಲ್ಲಿದ್ದ ಟೈರು ಬೆಳಿಗ್ಗೆ ಗಡಿಯ ಕೆಳಗೆ, ಮಧ್ಯಾಹ್ನ ಮೇಲೆ. ಗಾಳಿ ತುಂಬಿಸಿ ಎಂದೇ ಅದು ಹೇಳುತ್ತಿರುವುದು.

ಸೆನ್ಸರಿನ ಆಯುಸ್ಸಿನ ವಿಚಾರ. ಒಳಗಿರುವ ಬ್ಯಾಟರಿಯನ್ನು ಮೊಹರು ಮಾಡಿರುತ್ತಾರೆ, ಅದನ್ನೊಂದನ್ನೇ ಬದಲಿಸಲು ಬರುವುದಿಲ್ಲ. ಐದರಿಂದ ಹತ್ತು ವರ್ಷ ಬರುತ್ತದೆ. ಅಂದರೆ ಕಾರು ನಮ್ಮ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಅದರ ಕಾಲ ಮುಗಿದಿರುತ್ತದೆ! ಒಂದು ಒಡೆದರೆ ಅದನ್ನೊಂದನ್ನು ಬದಲಿಸುವ ಮುಂಚೆ ಉಳಿದ ಮೂರರ ವಯಸ್ಸನ್ನೂ ಯೋಚಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ ಎನ್ನುತ್ತಾರೆ, ಆದರೆ ಬಿಚ್ಚಿದ ಕಾರಿನ ಹಳೆಯ ಸೆನ್ಸರು ತಂದರೆ ಅದರ ಬ್ಯಾಟರಿಯೂ ಹಳೆಯದೇ. ಹೊಸದನ್ನೇ ಹಾಕಿಸುವವರು ಇನ್ನೊಂದು ತಿಳಿದಿರಬೇಕು: ಪ್ರತಿ ಸೆನ್ಸರಿಗೂ ತನ್ನದೇ ಒಂದು ಗುರುತಿನ ಸಂಖ್ಯೆ ಇದ್ದು, ಅನೇಕ ಕಾರುಗಳಲ್ಲಿ ಅದನ್ನು ಉಪಕರಣದಿಂದ ಕಾರಿಗೆ ಕಲಿಸಿಕೊಡಬೇಕಾಗುತ್ತದೆ. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ. ಆ ಉಪಕರಣ ಅಂಗಡಿಯವರಲ್ಲಿ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.

ಹಾಗಾದರೆ ಹೊಸ ಸೆನ್ಸರು ಹಾಕಿಸಬೇಕೇ? ದಿನವೂ ಹೆದ್ದಾರಿಯಲ್ಲಿ ವೇಗವಾಗಿ ಓಡಾಡುವವರು, ಮಕ್ಕಳ ಕೈಗೆ ಕಾರು ಕೊಡುವವರು ಹಾಕಿಸಲಿ. ವಾರಕ್ಕೆರಡು ಸಲ ತೋಟದಿಂದ ಬೇಲೂರಿಗೋ ಅರೇಹಳ್ಳಿಗೋ ಹೋಗಿಬರುವ ಸಣ್ಣ ಬೆಳೆಗಾರನಿಗೆ, ಹಳೆಯ ಕಾರಿನಲ್ಲಿ, ಅದು ಮೊದಲ ಖರ್ಚಲ್ಲ. ಅವನ ಮೊದಲ ಖರ್ಚು ಗೇಜು. ವಾಲ್ವಿನ ತುದಿಗೆ ಮುಚ್ಚಳದಂತೆ ತಿರುಗಿಸುವ ಹೊರಗಿನ ಸೆನ್ಸರುಗಳೂ ಈಗ ಅಗ್ಗವಾಗಿ ಬಂದಿವೆ. ಟಾರು ರಸ್ತೆಯವರಿಗೆ ಪರವಾಗಿಲ್ಲ. ನಮ್ಮ ತೋಟದ ದಾರಿಯ ಕೆಸರು, ಕಲ್ಲು, ಕಾಫಿ ಗಿಡದ ಮೋಟುಗಳ ನಡುವೆ ಅವು ಎಷ್ಟು ದಿನ ಉಳಿದಾವು ಎಂಬ ಶಂಕೆ ನಮಗಿದೆ. ಹಳೆಯ ರಬ್ಬರ್ ವಾಲ್ವಿಗೆ ಆ ಭಾರವೂ ಒಳ್ಳೆಯದಲ್ಲ.

ಟೈರು ಬಿಚ್ಚಿಸುವಾಗ ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿ, "ಒಳಗೆ ಸೆನ್ಸರಿದೆ, ವಾಲ್ವಿನಿಂದ ದೂರ ಒತ್ತಪ್ಪ" ಎಂದು. ಮೊಳೆ ಚುಚ್ಚಿದ್ದು ನೆಲಕ್ಕೆ ತಾಗುವ ಭಾಗದಲ್ಲಾದರೆ, ಹೊರಗಿನಿಂದಲೇ ಬತ್ತಿ ತೂರಿಸುವ ಪಂಕ್ಚರಿಗೆ ಟೈರು ಬಿಚ್ಚುವ ಅಗತ್ಯವೇ ಇಲ್ಲ. ಟೈರು ಬದಲಿಸಿದಾಗಲೆಲ್ಲ ವಾಲ್ವಿನ ಬುಡದ ರಬ್ಬರ್ ಬಳೆಯನ್ನು ಹೊಸದು ಹಾಕಿಸಿ. ಇನ್ನು ಮುಚ್ಚಳ. ಸೆನ್ಸರಿನ ವಾಲ್ವು ಅಲ್ಯೂಮಿನಿಯಂನದು. ಅದಕ್ಕೆ ಅಂದಕ್ಕೆಂದು ಹಿತ್ತಾಳೆಯ ಮುಚ್ಚಳ ಹಾಕಿದರೆ ನೀರು ಬಿದ್ದು ಎರಡು ಲೋಹಗಳ ನಡುವೆ ತುಕ್ಕು ಬೆಳೆದು ಕಚ್ಚಿಕೊಳ್ಳುತ್ತದೆ, ತಿರುಗಿಸಲು ಹೋದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ಪ್ಲಾಸ್ಟಿಕ್ಕಿನದೇ ಸಾಕು. ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಡಿಕೆಗೆ ಔಷಧಿ ಹೊಡೆಯುವ ದಿನ ಮೈಲುತುತ್ತದ ನೀರು ಚೆಲ್ಲಿದ ಕಡೆಯೇ ಕಾರು ನಿಲ್ಲಿಸಿ, ಚಕ್ರವನ್ನು ತೊಳೆಯದೆ ಬಿಡುವವರು ನಮ್ಮಲ್ಲಿದ್ದಾರೆ. ಅಲ್ಯೂಮಿನಿಯಮ್ಮಿಗೂ ತುತ್ತಕ್ಕೂ ಆಗಿಬರುವುದಿಲ್ಲ.

ನೈಟ್ರೋಜನ್ ತುಂಬಿಸಿದ್ದೇವೆ, ನಮಗೆ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ನು. ಮೊಳೆ ಚುಚ್ಚಿದರೆ ಅದೂ ಸೋರುತ್ತದೆ.

ಹಳೆಯ ಕಾರು ಕೊಳ್ಳಲು ಹೊರಟವರಿಗೆ ಒಂದು ಮಾತು ಒತ್ತಿ ಹೇಳಬೇಕಾಗಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟ್ಯೂಬ್‌ಲೆಸ್ ಟೈರು, ಈ ಗಾಳಿ ಎಚ್ಚರಿಕೆಯ ವ್ಯವಸ್ಥೆ ಮತ್ತು ಪಂಕ್ಚರ್ ರಿಪೇರಿ ಕಿಟ್ಟು ಇರುವ ಕಾರುಗಳಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಆಗಬಹುದು ಎಂದಿತು. ನಗರದವರಿಗೆ ಅನುಕೂಲವಿರಬಹುದು. ಕಿಟ್ಟಿನ ಅಂಟು ಮೊಳೆಯ ತೂತನ್ನು ಮುಚ್ಚೀತು. ಚೂಪು ಕಲ್ಲಿಗೆ ಸಿಕ್ಕಿ ಪಕ್ಕದ ಗೋಡೆ ಸೀಳಿದರೆ ಅದರಿಂದ ಏನೂ ಆಗದು. ತೋಟದ ದಾರಿಯಲ್ಲಿ ಆಗುವುದು ಹೆಚ್ಚಾಗಿ ಇದೇ. ಜೊತೆಗೆ ಆ ಅಂಟು ಸೆನ್ಸರಿನ ಸಣ್ಣ ರಂಧ್ರವನ್ನೇ ಮುಚ್ಚಿಬಿಡುವುದೂ ಉಂಟು. ಆದಕಾರಣ ಡಿಕ್ಕಿ ತೆಗೆಸಿ ಸ್ಟೆಪ್ನಿ ಇದೆಯೇ ನೋಡಿ, ಇಲ್ಲದಿದ್ದರೆ ಚೌಕಾಸಿಯಲ್ಲಿ ಅದನ್ನೂ ಸೇರಿಸಿ. ಹಾಗೆಯೇ ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಟೈರಿನ ಹಲ್ಲು ನೋಡಿ ಮೋಸ ಹೋಗಬೇಡಿ, ವಯಸ್ಸನ್ನು ಓದಿ.

ಇಷ್ಟೆಲ್ಲ ಬರೆದದ್ದು ಒಂದು ಸೂಚನೆಗಾಗಿ. ಸದಸ್ಯರಿಗೆ ಅಸಲು ಬೆಲೆಗೆ ಕೊಡಲು ಸಂಘದಿಂದ ಒಳ್ಳೆಯ ಗೇಜುಗಳನ್ನು ಒಟ್ಟಾಗಿ ತರಿಸಬೇಕು, ಅವುಗಳನ್ನು ಆಗಾಗ ತಾಳೆ ನೋಡಲು ಕಚೇರಿಯಲ್ಲಿ ನಂಬಿಕೆಯ ಒಂದು ಗೇಜನ್ನು ಇಡಬೇಕು ಎಂದು ಆಡಳಿತ ಮಂಡಳಿಯ ಮುಂದೆ ಇಟ್ಟೆವು. ಎರಡು ಮೂಟೆ ಯೂರಿಯಾದ ಹಣಕ್ಕೆ ಒಂದು ಗೇಜು ಬರುತ್ತದೆ. ಮಂಡಳಿಯ ಹಿರಿಯರೊಬ್ಬರು, "ಏನ್ರೀ, ಸಂಘ ಇರೋದು ಕಾಫಿ ಅಡಿಕೆ ಮಾರೋದಕ್ಕೋ, ಚಕ್ರದ ಗಾಳಿ ನೋಡೋದಕ್ಕೋ? ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಗಾಳಿ ಇಲ್ವೇ?" ಎಂದರು. ಅವರ ಮೇಲೆ ನಮಗೆ ಗೌರವವಿದೆ, ಪ್ರಶ್ನೆಯೂ ನ್ಯಾಯವಾದುದೇ.

ಬಂಕಿನಲ್ಲಿ ಗಾಳಿ ಪುಕ್ಕಟೆ ಎಂಬುದು ನಿಜ. ಆದರೆ ಟೈರಿನ ಗಾಳಿ ಅಳೆಯಬೇಕಾದದ್ದು ಓಡುವ ಮೊದಲು, ತಣ್ಣಗಿರುವಾಗ. ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುವ ಚೀಟಿಯ ಅಂಕಿ ತಣ್ಣನೆಯ ಟೈರಿನದು, ಅದರಲ್ಲೂ ತುಂಬು ಭಾರಕ್ಕೆ ಬೇರೆ ಅಂಕಿ ಇರುತ್ತದೆ. ತೋಟದಿಂದ ಹದಿನೈದು ಇಪ್ಪತ್ತು ಕಿಲೋಮೀಟರು ಓಡಿ ಬಂಕಿಗೆ ಬರುವಷ್ಟರಲ್ಲಿ ಟೈರು ಕಾದು ಮೂರು ನಾಲ್ಕು ಪೌಂಡು ಹೆಚ್ಚು ತೋರಿಸುತ್ತದೆ. ಬಂಕಿನ ಹುಡುಗ "ಜಾಸ್ತಿ ಇದೆ ಸಾರ್" ಎಂದು ಇಳಿಸಿ ಕಳಿಸುತ್ತಾನೆ, ಮರುದಿನ ಬೆಳಿಗ್ಗೆ ಅದೇ ಟೈರು ಕಡಮೆ ಗಾಳಿಯಲ್ಲಿ ನಿಂತಿರುತ್ತದೆ. ಆದುದರಿಂದ ಗೇಜು ಇರಬೇಕಾದದ್ದು ಮನೆಯಲ್ಲಿ. ಸಂಘದ ಕೆಲಸವೋ ಅಲ್ಲವೋ ಎಂಬುದಕ್ಕೆ, ಹಿಂದೆ ತೇವಾಂಶ ಅಳೆಯುವ ಯಂತ್ರ ತರಿಸಿದಾಗಲೂ ಇದೇ ಚರ್ಚೆ ಆಗಿತ್ತು ಎಂಬುದನ್ನು ನೆನಪಿಸುತ್ತೇವೆ. ಬೀಜ ಕಚ್ಚಿ ನೋಡಿದರೆ ಒಣಗಿದ್ದು ತಿಳಿಯುವುದಿಲ್ಲವೇ ಎಂದವರೇ ಈಗ ಯಂತ್ರದ ಮುಂದೆ ಸಾಲು ನಿಲ್ಲುತ್ತಾರೆ. ಗಾಳಿಯೂ ಕಚ್ಚಿ ನೋಡುವ ವಸ್ತುವಲ್ಲ.

ಸೂಚನೆ ಮುಂದಿನ ಸಭೆಯಲ್ಲಿ ತೀರ್ಮಾನಕ್ಕೆ ಬರುತ್ತದೆ. ಎಷ್ಟು ಜನರಿಗೆ ಗೇಜು ಬೇಕು ಎಂಬುದು ಮೊದಲೇ ತಿಳಿದರೆ ಅನುಕೂಲವಾಗುವುದರಿಂದ, ಬೇಕಾದವರು ಈ ತಿಂಗಳೊಳಗೆ ಕಚೇರಿಯಲ್ಲಿ ಹೆಸರು ಬರೆಸಬೇಕು. ಅಲ್ಲಿಯವರೆಗೆ ನಮ್ಮ ಸ್ವಂತ ಗೇಜನ್ನು ಗುಮಾಸ್ತರ ಮೇಜಿನ ಮೇಲೆ ಇಟ್ಟಿದ್ದೇವೆ. ಬಂದವರು ಬಳಸಬಹುದು, ತೆಗೆದುಕೊಂಡು ಹೋದವರು ಅದೇ ದಿನ ವಾಪಸು ತಂದಿಡಬೇಕು.